ಅರ್ಧ ಮಿಲಿಮೀಟರ್ ಬೀಡು

ಟರ್ಬೊ ಕೂರಿಸಲೆಂದು ಬಿಚ್ಚಿದ ಎಂಜಿನ್ನಿನ ಬ್ಲಾಕ್ ಬೋರಿಂಗ್ ಶಾಪಿಗೆ ಬಂದ ಕೂಡಲೇ ಎದುರಾಗುವ ಪ್ರಶ್ನೆ, ‘ಎಷ್ಟು ಸೈಜಿಗೆ ಬೋರ್ ಮಾಡೋಣ?’ ಮಾಡಬೇಕೋ ಬೇಡವೋ ಎಂಬುದು ಚರ್ಚೆಗೇ ಬರುವುದಿಲ್ಲ. ಹೇಗೂ ಬಿಚ್ಚಿಯಾಗಿದೆ, ಹೇಗೂ ಹೊಸ ಪಿಸ್ಟನ್ ತರಿಸಬೇಕು, ಒಂದು ಮಿಲಿಮೀಟರ್ ದೊಡ್ಡದನ್ನೇ ತರಿಸಿದರೆ ಸಿಸಿ ಏರುತ್ತದೆ, ಸಿಸಿ ಏರಿದರೆ ಶಕ್ತಿ ಏರುತ್ತದೆ. ಈ ತರ್ಕ ಎಷ್ಟು ಸಲೀಸಾಗಿದೆಯೆಂದರೆ, ನಡುವೆ ನಿಂತು ಲೆಕ್ಕ ಹಾಕುವವರು ವಿರಳ. ಗಾಳಿಯನ್ನು ಒತ್ತಿ ತುಂಬುವ ಎಂಜಿನ್ನಿನಲ್ಲಿ ಬೋರ್ ಹಿಗ್ಗಿಸುವುದನ್ನು ಶಕ್ತಿ ಹೆಚ್ಚಿಸುವ ಕೆಲಸವೆಂದು ನೋಡಬಾರದು, ರಿಪೇರಿಯೆಂದು ನೋಡಬೇಕು ಎಂಬುದು ನನ್ನ ವಾದ. ಸಿಲಿಂಡರ್ ಸವೆದಿದ್ದರೆ, ಗೀರು ಬಿದ್ದಿದ್ದರೆ, ದುಂಡು ಕೆಟ್ಟಿದ್ದರೆ, ಅದನ್ನು ಸರಿಮಾಡಲು ಎಷ್ಟು ಬೇಕೋ ಅಷ್ಟು ಕೊರೆಸಬೇಕು. ಅದರಾಚೆಗೆ ಕೊರೆಸಿದ ಪ್ರತಿ ಪದರವೂ ಎಂಜಿನ್ನಿಗೆ ಅತಿ ಅಗತ್ಯವಾದ ವಸ್ತುವನ್ನು ಕಿತ್ತು ಅತಿ ಸುಲಭವಾಗಿ ಸಿಗುವ ವಸ್ತುವಿಗೆ ಕೊಟ್ಟುಬಿಟ್ಟ ಹಾಗೆ.

ಲೆಕ್ಕಕ್ಕೆ ಒಂದು ನಿಜವಾದ ಎಂಜಿನ್ ಇಟ್ಟುಕೊಳ್ಳೋಣ. 1993ರಿಂದ 2002ರವರೆಗೆ ತಯಾರಾದ ಟೊಯೊಟ ಸುಪ್ರಾದ 2ಜೆಝಡ್-ಜಿಟಿಇ, ಮಾರ್ಪಾಡು ಮಾಡುವವರ ಲೋಕದಲ್ಲಿ ಬಹುಶಃ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು. ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಬೀಡುಕಬ್ಬಿಣದ ಬ್ಲಾಕ್, ಬೋರ್ 86 ಮಿ.ಮೀ., ಸ್ಟ್ರೋಕ್ ಕೂಡ 86 ಮಿ.ಮೀ., ಒಟ್ಟು 2997 ಸಿಸಿ. ಇದಕ್ಕೆ ಮಾರುಕಟ್ಟೆಯಲ್ಲಿ 86.5 ಮತ್ತು 87 ಮಿ.ಮೀ. ಪಿಸ್ಟನ್‌ಗಳು ಸಿಗುತ್ತವೆ. 86.5ಕ್ಕೆ ಹೋದರೆ ಸಾಮರ್ಥ್ಯ 3032 ಸಿಸಿ ಆಗುತ್ತದೆ, 87ಕ್ಕೆ ಹೋದರೆ 3067. ಪೂರ್ತಿ ಒಂದು ಮಿಲಿಮೀಟರ್ ಕೊರೆಸಿದ್ದಕ್ಕೆ ಸಿಕ್ಕ ಲಾಭ 70 ಸಿಸಿ, ಅಂದರೆ ಶೇ 2.3.

ಟರ್ಬೊ ಇಲ್ಲದ ಎಂಜಿನ್ನಿಗಾದರೆ ಆ ಶೇ 2.3ಕ್ಕೂ ಬೆಲೆ ಇದೆ. ಅಲ್ಲಿ ಗಾಳಿ ಒಳಬರುವುದು ವಾತಾವರಣದ ಒತ್ತಡವೊಂದರಿಂದಲೇ. ಹೆಚ್ಚು ಗಾಳಿ ಬೇಕೆಂದರೆ ಪಾತ್ರೆಯನ್ನು ದೊಡ್ಡದು ಮಾಡುವುದು ಒಂದು ನ್ಯಾಯವಾದ ದಾರಿ. ಟರ್ಬೊ ಬಂದ ಕೂಡಲೇ ಈ ಲೆಕ್ಕವೇ ಬೇರೆಯಾಗುತ್ತದೆ. ಒಂದು ಬಾರ್ ಬೂಸ್ಟ್ ಇದ್ದರೆ ಒಳಹೋಗುವ ಗಾಳಿಯ ಒಟ್ಟು ಒತ್ತಡ ಸುಮಾರು 2 ಬಾರ್: ವಾತಾವರಣದ್ದೊಂದು, ಟರ್ಬೊದ್ದೊಂದು. ಅದರ ಶೇ 2.3 ಎಂದರೆ 0.05 ಬಾರಿಗಿಂತ ತುಸು ಕಡಿಮೆ. ಬೂಸ್ಟ್ ಗೇಜಿನ ಮುಳ್ಳು ಅಲುಗಿತೋ ಇಲ್ಲವೋ ಎಂದು ಕಣ್ಣಿಗೆ ತಿಳಿಯದಷ್ಟು ಚಿಕ್ಕ ಅಳತೆ ಇದು. ಬ್ಲಾಕಿನಿಂದ ಒಂದು ಮಿಲಿಮೀಟರ್ ಲೋಹ ತೆಗೆದು ಪಡೆದದ್ದನ್ನು ಬೂಸ್ಟ್ ಕಂಟ್ರೋಲರಿನ ಒಂದು ಸಣ್ಣ ತಿರುವು ಕೊಡುತ್ತದೆ. ಇಷ್ಟವಾಗದಿದ್ದರೆ ತಿರುವನ್ನು ಹಿಂದಕ್ಕೆ ತಿರುಗಿಸಬಹುದು. ಬೋರಿಂಗ್ ಯಂತ್ರದ ಕೆಳಗೆ ಚೂರಾಗಿ ಬಿದ್ದ ಬೀಡನ್ನು ಹಿಂದಕ್ಕೆ ಅಂಟಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ.

ಇನ್ನು ಕಳೆದುಕೊಂಡದ್ದೇನು ಎಂದು ನೋಡೋಣ. ಪೆಟ್ರೋಲ್ ಹೊತ್ತಿಕೊಂಡ ಗಳಿಗೆಯಲ್ಲಿ ಸಿಲಿಂಡರಿನೊಳಗೆ 100 ಬಾರ್ ಒತ್ತಡ ಹುಟ್ಟಿತೆಂದು ಇಟ್ಟುಕೊಳ್ಳಿ. ಜೋರಾದ ಟರ್ಬೊ ಎಂಜಿನ್ನಿಗೆ ಇದು ಅತಿಯಾದ ಸಂಖ್ಯೆ ಅಲ್ಲ. 86 ಮಿ.ಮೀ. ಪಿಸ್ಟನ್ನಿನ ತಲೆಯ ಮೇಲೆ ಆಗ ಬೀಳುವ ಭಾರ ಸುಮಾರು 6 ಟನ್. ಅದೇ ಒತ್ತಡ ಸುತ್ತಲಿನ ಗೋಡೆಯನ್ನೂ ಹೊರಕ್ಕೆ ನೂಕುತ್ತದೆ. ಗೋಡೆಯ ಆಚೆ ಇರುವುದು ನೀರಿನ ಜಾಕೆಟ್; ಅಲ್ಲಿ ಆನಿಕೆ ಏನೂ ಇಲ್ಲ. ಗೋಡೆಯ ದಪ್ಪ 6 ಮಿ.ಮೀ. ಇದ್ದರೆ, ವ್ಯಾಸವನ್ನು ಒಂದು ಮಿಲಿಮೀಟರ್ ಹಿಗ್ಗಿಸಿದಾಗ ಅದು 5.5ಕ್ಕೆ ಇಳಿಯುತ್ತದೆ. ಕೊಳವೆಯ ಗೋಡೆಯ ಮೇಲಿನ ಎಳೆತವನ್ನು ಒತ್ತಡ, ತ್ರಿಜ್ಯ, ದಪ್ಪ ಈ ಮೂರರಿಂದ ಲೆಕ್ಕ ಹಾಕುವ ಸರಳ ಸೂತ್ರವೊಂದಿದೆ. ಅದರ ಪ್ರಕಾರ ಎಳೆತ ಏರುವುದು ಶೇ 10ರಷ್ಟು. ಗೋಡೆ ಬಾಗದೆ ನಿಲ್ಲುವ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಕುಸಿಯುವುದು ಶೇ 23ರಷ್ಟು. ಗಾಳಿಯಲ್ಲಿ ಶೇ 2.3 ಲಾಭ, ಬಿಗುವಿನಲ್ಲಿ ಶೇ 23 ನಷ್ಟ. ಇವೆರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದರೆ, ಬಹಳಷ್ಟು ಬ್ಲಾಕುಗಳು ಬೋರಿಂಗ್ ಯಂತ್ರದ ಕೆಳಗೆ ಹೋಗುವ ಮೊದಲೇ ಉಳಿದುಕೊಳ್ಳುತ್ತವೆ.

ಗೋಡೆ ಸೀಳಿಹೋಗುವುದು ಕೊನೆಯ ಹಂತದ ಮಾತು. ಅದಕ್ಕೆ ಬಹಳ ಮುಂಚೆಯೇ ಗೋಡೆ ಉಸಿರಾಡಲು ತೊಡಗುತ್ತದೆ. ಪ್ರತಿ ಸ್ಫೋಟಕ್ಕೂ ಒಂದಿಷ್ಟು ಉಬ್ಬಿ ಹಿಂದಕ್ಕೆ ಬರುತ್ತದೆ. ರಿಂಗುಗಳು ದುಂಡಾದ ಗೋಡೆಗೆಂದು ಮಾಡಿದವು. ದುಂಡು ತಪ್ಪಿದ ಗಳಿಗೆಯಲ್ಲಿ ಅವುಗಳ ಪಕ್ಕದಿಂದ ಬಿಸಿ ಅನಿಲ ಕೆಳಕ್ಕೆ ನುಸುಳುತ್ತದೆ, ಆಯಿಲ್ ಮೇಲಕ್ಕೆ ನುಸುಳುತ್ತದೆ. ಕ್ರ್ಯಾಂಕ್‌ಕೇಸಿನ ಒತ್ತಡ ಏರುತ್ತದೆ. ಮೇಲೆ ಬಂದ ಆಯಿಲ್ ಮಿಶ್ರಣದ ಆಕ್ಟೇನನ್ನು ಕೆಡಿಸಿ ನಾಕಿಂಗಿಗೆ, ಅಂದರೆ ಉರಿಯ ಅಲೆ ತಲುಪುವ ಮೊದಲೇ ಮಿಶ್ರಣ ತಾನಾಗಿ ಸಿಡಿಯುವುದಕ್ಕೆ, ದಾರಿ ಮಾಡುತ್ತದೆ. ಶಕ್ತಿಗೆಂದು ಕೊರೆಸಿದ ಬ್ಲಾಕು ತಾನು ಹುಟ್ಟಿಸಿದ ಒತ್ತಡವನ್ನು ತಾನೇ ಸೋರಿಸಿಕೊಳ್ಳುವ ಸ್ಥಿತಿ ಇದು. ಟರ್ಬೊ ಎಂಜಿನ್ನಿನ ಮೊದಲ ಅಗತ್ಯ ಬಿಗಿಯಾದ, ದುಂಡಾದ, ಅಲುಗಾಡದ ಸಿಲಿಂಡರ್. ಪಾತ್ರೆ ದೊಡ್ಡದಿರಬೇಕೆಂಬುದು ಅದರ ನಂತರದ ಮಾತು.

ಮೇಲೆ 6 ಮಿ.ಮೀ. ಎಂದೆ. ಆ ಸಂಖ್ಯೆಯನ್ನು ಯಾವ ಬ್ಲಾಕಿನ ವಿಷಯದಲ್ಲೂ ಅಳೆಯದೆ ನಂಬಬಾರದು. ಬ್ಲಾಕ್ ಎರಕ ಹೊಯ್ಯುವಾಗ ನೀರಿನ ಜಾಕೆಟ್ಟಿನ ಜಾಗದಲ್ಲಿ ಮರಳಿನ ಕೋರ್ ಇಟ್ಟಿರುತ್ತಾರೆ. ಕಾದ ಲೋಹ ನುಗ್ಗುವಾಗ ಆ ಕೋರ್ ತುಸು ಸರಿಯುವುದುಂಟು. ಬೆಳಗಾವಿಯ ಫೌಂಡ್ರಿಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋರ್ ಸರಿದ ಬ್ಲಾಕಿನಲ್ಲಿ ಒಂದು ಪಕ್ಕ 7.5 ಮಿ.ಮೀ., ಎದುರಿನ ಪಕ್ಕ 4.5 ಮಿ.ಮೀ. ಇರಬಹುದು, ಸರಾಸರಿ ಆರೇ. ಬೋರಿಂಗ್ ಯಂತ್ರ ಎರಡೂ ಪಕ್ಕದಿಂದ ಸಮನಾಗಿ ತೆಗೆಯುತ್ತದೆ. 4.5 ಇದ್ದದ್ದು 4 ಆದಾಗ ಅಲ್ಲಿನ ಬಿಗುವು ಶೇ 30ರಷ್ಟು ಕುಸಿದಿರುತ್ತದೆ. ಆ ತೆಳು ಪಕ್ಕವೇ ಪಿಸ್ಟನ್ ಒತ್ತಿಕೊಂಡು ಇಳಿಯುವ ಪಕ್ಕವೂ ಆಗಿದ್ದರೆ ಅಪಾಯ ಇಮ್ಮಡಿ, ಏಕೆಂದರೆ ಕನೆಕ್ಟಿಂಗ್ ರಾಡು ಓರೆಯಾಗಿರುವಾಗ ಪಿಸ್ಟನ್ನನ್ನು ಪ್ರತಿ ಸ್ಫೋಟಕ್ಕೂ ಒಂದೇ ಗೋಡೆಯತ್ತ ನೂಕುತ್ತದೆ. ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಯುವ ಸೋನಿಕ್ ಟೆಸ್ಟ್ ಇರುವುದು ಇದಕ್ಕಾಗಿ. ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ, ನಾಲ್ಕೂ ದಿಕ್ಕಿನಲ್ಲಿ ಅಳೆದು ಬರೆದುಕೊಂಡ ಅಂಕಿಗಳಿಲ್ಲದೆ ಟರ್ಬೊ ಬ್ಲಾಕಿಗೆ ಓವರ್‌ಸೈಜ್ ಪಿಸ್ಟನ್ ಆರ್ಡರ್ ಮಾಡುವುದನ್ನು ನಾನು ಹೊಣೆಗೇಡಿತನ ಎಂದೇ ಕರೆಯುತ್ತೇನೆ.

ಲೆಕ್ಕದ ಈ ಮಾತನ್ನು ಇತಿಹಾಸವೂ ಹೇಳುತ್ತದೆ. 1966ರಿಂದ ಫಾರ್ಮುಲಾ ಒನ್ ನಿಯಮದಲ್ಲಿ ಎರಡು ಬಾಗಿಲಿದ್ದವು: ಗಾಳಿಯನ್ನು ಒತ್ತಿ ತುಂಬದ ಎಂಜಿನ್ನಿಗೆ 3 ಲೀಟರ್, ಒತ್ತಿ ತುಂಬುವುದಕ್ಕೆ 1.5 ಲೀಟರ್. ಅರ್ಧ ಸಾಮರ್ಥ್ಯದ ಬಾಗಿಲನ್ನು ವರ್ಷಗಟ್ಟಲೆ ಯಾರೂ ಮುಟ್ಟಲಿಲ್ಲ. 1977ರಲ್ಲಿ ರೆನೊ ಆ ಬಾಗಿಲಿನಿಂದ ಒಳಬಂದಿತು. 1983ರಲ್ಲಿ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಲ್ಲಿ ಬಿಎಂಡಬ್ಲ್ಯೂ ಎಂಜಿನ್ನಿನೊಂದಿಗೆ ವಿಶ್ವ ಚಾಂಪಿಯನ್ ಆದರು. ಟರ್ಬೊ ಎಂಜಿನ್ ಗೆದ್ದ ಮೊದಲ ಚಾಲಕರ ಪ್ರಶಸ್ತಿ ಅದು. ಪೌಲ್ ರೋಷೆ ರೂಪಿಸಿದ ಆ ಎಂ12/13 ಎಂಜಿನ್ನಿನ ತಳದಲ್ಲಿ ಇದ್ದದ್ದು 1960ರ ದಶಕದ ಆರಂಭದಲ್ಲಿ ಸಾಮಾನ್ಯ ರಸ್ತೆಯ ಕಾರುಗಳಿಗಾಗಿ ಬಂದ ಎಂ10 ಎಂಬ ಬೀಡಿನ ಬ್ಲಾಕ್. ಓಡಿ ಹಳೆಯದಾದ ಕಾರುಗಳ ಬ್ಲಾಕುಗಳನ್ನೇ ರೇಸಿಗೆ ಆರಿಸುತ್ತಿದ್ದರು, ಬಿಸಿಯಾಗಿ ತಣ್ಣಗಾಗಿ ಅವುಗಳೊಳಗಿನ ಎಳೆತಗಳೆಲ್ಲ ಇಳಿದಿರುತ್ತಿದ್ದವು ಎಂಬ ಮಾತು ರೇಸ್ ವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಈ ಎಂಜಿನ್ನಿನ ಅಳತೆಗಳನ್ನು ಗಮನಿಸಬೇಕು. ಎರಡು ಲೀಟರಿನ ರಸ್ತೆಯ ಕಾರಿನಲ್ಲಿ ಇದೇ ಬ್ಲಾಕಿನ ಬೋರ್ 89 ಮಿ.ಮೀ., ಸ್ಟ್ರೋಕ್ 80. ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಬೋರ್ 89.2, ಸ್ಟ್ರೋಕ್ 60. ಸಾಮರ್ಥ್ಯವನ್ನು ಕಾಲುಭಾಗ ಇಳಿಸಿದರು, ಬೋರನ್ನು ಹೆಚ್ಚೂಕಡಿಮೆ ಮುಟ್ಟಲೇ ಇಲ್ಲ. 0.2 ಮಿ.ಮೀ. ಎಂದರೆ ಗೋಡೆಯ ಪ್ರತಿ ಪಕ್ಕದಿಂದ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. 1986ರ ಹೊತ್ತಿಗೆ ಅರ್ಹತಾ ಸುತ್ತುಗಳಲ್ಲಿ ಇದರ ಬೂಸ್ಟ್ 5 ಬಾರ್ ದಾಟಿತ್ತು, ಶಕ್ತಿ 1,300 ಅಶ್ವಶಕ್ತಿಯ ಆಸುಪಾಸಿನಲ್ಲಿತ್ತು ಎಂದು ಅಂದಾಜು ಮಾಡುತ್ತಾರೆ. ಹಣಕ್ಕೂ ಜ್ಞಾನಕ್ಕೂ ಕೊರತೆಯಿಲ್ಲದ ಆ ಎಂಜಿನಿಯರುಗಳು ಸಾಮರ್ಥ್ಯದ ಹಿಂದೆ ಬೀಳಲಿಲ್ಲ. ನಿಯಮ ಬಿಡುವಂತೆಯೂ ಇರಲಿಲ್ಲ. ನಿಯಮದ ಬಿಗಿಯೇ ಅವರಿಂದ ಒಂದು ಸತ್ಯವನ್ನು ಹೊರತೆಗೆಸಿತು: ಗೋಡೆ ಗಟ್ಟಿಯಿದ್ದರೆ, ಟಾಲ್ವೀನ್ ತುಂಬಿದ ವಿಶೇಷ ಇಂಧನ ನಾಕಿಂಗನ್ನು ತಡೆದರೆ, 1.5 ಲೀಟರ್ ಎಂಬುದು ಚಿಕ್ಕ ಸಂಖ್ಯೆಯೇ ಅಲ್ಲ. ನಿಸಾನ್ ಕೂಡ ತನ್ನ ಸ್ಕೈಲೈನ್ ಜಿಟಿ-ಆರ್ ಎಂಜಿನ್ ಆರ್‌ಬಿ26ಕ್ಕೆ ರೇಸಿಗೆಂದು ಎನ್1 ಎಂಬ ಬೇರೆ ಬ್ಲಾಕ್ ಮಾಡಿದಾಗ 86 ಮಿ.ಮೀ. ಬೋರನ್ನು ಹಾಗೆಯೇ ಉಳಿಸಿ ಗೋಡೆಯನ್ನು ದಪ್ಪ ಮಾಡಿತು.

ವಿರುದ್ಧ ದಿಕ್ಕಿನ ಪಾಠಕ್ಕೆ ಸುಬಾರು ಇದೆ. ಅದರ ಇಜೆ ಸರಣಿಯ ಅಲ್ಯೂಮಿನಿಯಂ ಬ್ಲಾಕುಗಳಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುಬಿಂದುಗಳ ಅಂತರ 113 ಮಿ.ಮೀ. ಎರಡು ಲೀಟರಿನ ಇಜೆ20ರ ಬೋರ್ 92 ಮಿ.ಮೀ., ಎರಡೂವರೆ ಲೀಟರಿನ ಇಜೆ25ರದ್ದು 99.5. ಮೊದಲನೆಯದರಲ್ಲಿ ಎರಡು ಸಿಲಿಂಡರುಗಳ ನಡುವೆ 21 ಮಿ.ಮೀ. ಉಳಿಯುತ್ತದೆ, ಎರಡನೆಯದರಲ್ಲಿ 13.5. ಗೋಡೆ, ಗ್ಯಾಸ್ಕೆಟ್ ಕೂರುವ ಪಟ್ಟಿ ಎಲ್ಲವೂ ಅಷ್ಟರಲ್ಲೇ ಆಗಬೇಕು. ಅದೇ ಒತ್ತಡಕ್ಕೆ ಇಜೆ25ರ ಹೆಡ್ಡನ್ನು ಮೇಲಕ್ಕೆತ್ತುವ ಬಲ ಶೇ 17 ಹೆಚ್ಚು. ದೊಡ್ಡ ಎಂಜಿನ್ ಕೆಳ ಆರ್‌ಪಿಎಂನಲ್ಲಿ ಸೊಗಸಾಗಿ ಎಳೆಯುತ್ತದೆ ಎಂಬುದು ನಿಜ. ಆದರೆ ಬಹಳ ಬೂಸ್ಟ್ ಹಾಕಿ ರೇಸಿಗೆ ಕಟ್ಟುವವರು ಇಂದಿಗೂ ಇಜೆ20ನ್ನು ಹುಡುಕಿಕೊಂಡು ಹೋಗುತ್ತಾರೆ, ಇಲ್ಲವೇ ಇಜೆ25ಕ್ಕೆ ದಪ್ಪ ಲೈನರ್ ಹಾಕಿಸುತ್ತಾರೆ. ಕಾರ್ಖಾನೆಯೇ ಗೋಡೆಯನ್ನು ಅಂಚಿಗೆ ತಂದು ನಿಲ್ಲಿಸಿರುವ ಇಂಥ ಬ್ಲಾಕಿನಲ್ಲಿ ಇನ್ನೂ ಅರ್ಧ ಮಿಲಿಮೀಟರ್ ಕೇಳುವುದು ಅನ್ಯಾಯ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಬೂಸ್ಟ್ ಪುಕ್ಕಟೆ ಬರುವುದಿಲ್ಲ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ, ಕಾದ ಗಾಳಿ ನಾಕಿಂಗನ್ನು ಹತ್ತಿರ ತರುತ್ತದೆ, ಬಂಕಿನ ಪೆಟ್ರೋಲಿಗೆ ಆಕ್ಟೇನಿನ ಮಿತಿ ಇದೆ. ಆ ಮಿತಿ ಮುಟ್ಟಿದ ಮೇಲೆ ಕಂಟ್ರೋಲರಿನ ತಿರುವು ಕೆಲಸಕ್ಕೆ ಬಾರದು; ಆಗ ಸಾಮರ್ಥ್ಯ ಹೆಚ್ಚಿಸುವುದೊಂದೇ ಉಳಿಯುತ್ತದಲ್ಲವೇ ಎಂಬುದು ಆಕ್ಷೇಪ. ಒಪ್ಪುತ್ತೇನೆ. ಒಪ್ಪಿದ ಮೇಲೆ ಕೇಳಬೇಕಾದದ್ದು, ಸಾಮರ್ಥ್ಯವನ್ನು ಎಲ್ಲಿಂದ ತರುವುದು? 2ಜೆಝಡ್‌ನಲ್ಲಿ 94 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ ಹಾಕಿದರೆ, ಬೋರ್ 86ರಲ್ಲೇ ಇದ್ದರೂ, ಸಾಮರ್ಥ್ಯ ಶೇ 9ಕ್ಕೂ ಹೆಚ್ಚು ಏರುತ್ತದೆ. ಗೋಡೆಯ ದಪ್ಪದಿಂದ ಒಂದು ಎಳೆಯೂ ಹೋಗುವುದಿಲ್ಲ. ಖರ್ಚು ಹೆಚ್ಚು, ಪಿಸ್ಟನ್ನಿನ ವೇಗ ಏರುತ್ತದೆ, ಎಂಜಿನ್ ಮೇಲಿನ ಆರ್‌ಪಿಎಂಗೆ ಮೊದಲಿನಷ್ಟು ಸಲೀಸಾಗಿ ಹೋಗುವುದಿಲ್ಲ. ಆದರೂ ಸಾಮರ್ಥ್ಯವೇ ಬೇಕೆನ್ನುವವರಿಗೆ ಪ್ರಾಮಾಣಿಕವಾದ ದಾರಿ ಅದು. ಬೋರ್ ಹಿಗ್ಗಿಸಿದರೆ ಉರಿಯ ಅಲೆ ಓಡಬೇಕಾದ ದೂರವೂ ಹಿಗ್ಗುತ್ತದೆ. ನಾಕಿಂಗಿಗೆ ಹೆದರಿ ಕೊರೆಸಿದವರು ನಾಕಿಂಗಿಗೇ ಒಂದಿಷ್ಟು ಸಮಯ ಕೊಟ್ಟಂತಾಯಿತು.

ಟರ್ಬೊ ಎಚ್ಚರಗೊಳ್ಳುವ ಮೊದಲಿನ ನಿಧಾನವನ್ನು ತುಂಬಲು ದೊಡ್ಡ ಬೋರ್ ನೆರವಾಗುತ್ತದೆ ಎನ್ನುವವರೂ ಇದ್ದಾರೆ. ಕೆಳಗಿನ ಆರ್‌ಪಿಎಂನಲ್ಲಿ 300 ನ್ಯೂಟನ್ ಮೀಟರ್ ಟಾರ್ಕ್ ಇದ್ದರೆ ಶೇ 2.3 ಎಂದರೆ 7. ಅದು ಡ್ರೈವರನ ಪಾದಕ್ಕೆ ಗೊತ್ತಾಗುವುದಿಲ್ಲ.

ಆಕ್ಷೇಪಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಮೆರಿಕದ ಜನರಲ್ ಮೋಟಾರ್ಸ್ ಟ್ರಕ್ಕುಗಳ 5.3 ಲೀಟರ್ ವಿ8. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಈ ಬೀಡಿನ ಬ್ಲಾಕಿಗೆ ಟರ್ಬೊ ಹಾಕುವುದು ಅಲ್ಲಿ ಒಂದು ಸಂಪ್ರದಾಯವೇ ಆಗಿದೆ. ಇದರ ಬೋರ್ 96 ಮಿ.ಮೀ.; ಗೋಡೆಯಲ್ಲಿ ಧಾರಾಳವಾಗಿ ಲೋಹ ಇರುವ ಬ್ಲಾಕುಗಳನ್ನು ಸೋನಿಕ್ ಟೆಸ್ಟ್ ಮಾಡಿ 99 ಮಿ.ಮೀ.ವರೆಗೂ ಕೊರೆಯುತ್ತಾರೆ. ಸಾಮರ್ಥ್ಯ 5.7 ಲೀಟರ್ ಆಗುತ್ತದೆ, ಶೇ 6ರಷ್ಟು ಏರಿಕೆ. ಜತೆಗೆ, ದೊಡ್ಡ ವಾಲ್ವುಗಳಿರುವ ಹೆಡ್ ಕೂರಿಸಲು ಜಾಗವಾಗುತ್ತದೆ. ವಾಲ್ವಿನ ಅಂಚಿಗೂ ಸಿಲಿಂಡರ್ ಗೋಡೆಗೂ ಅಂತರ ಸಿಕ್ಕಿ ಗಾಳಿಯ ಹರಿವು ಸುಧಾರಿಸುತ್ತದೆ. ಇದು ನಿಜವಾದ ಲಾಭ, ಬರಿಯ ಸಿಸಿ ಲೆಕ್ಕಕ್ಕಿಂತ ಮೇಲಿನದ್ದು. ಹಾಗಿದ್ದೂ, ಒಂದು ಬಾರ್ ಬೂಸ್ಟಿನಲ್ಲಿ ಆ ಶೇ 6 ಗಾಳಿಯನ್ನು 0.13 ಬಾರ್ ತಂದುಕೊಡುತ್ತದೆ, ಮೂರು ಮಿಲಿಮೀಟರ್ ಬೀಡು ಉಳಿಯುತ್ತದೆ. ಟರ್ಬೊ ಇಲ್ಲದೆ ಓಡಿಸುವವರು ಇದೇ ಬ್ಲಾಕನ್ನು ಕೊರೆಸಿದರೆ ಅವರ ನಿರ್ಧಾರವನ್ನು ಗೌರವಿಸುತ್ತೇನೆ. ಟರ್ಬೊ ಹಾಕುವವರಿಗೆ ಆ ದಪ್ಪ ಗೋಡೆಯೇ ಈ ಬ್ಲಾಕನ್ನು ಆರಿಸಿಕೊಳ್ಳಲು ಕಾರಣವಾಗಿತ್ತಲ್ಲ!

ಗಾಳಿಯ ಒತ್ತಡದ ಮುಂದೆ ಬೋರಿನ ಬಲ ಎಷ್ಟು ಸಣ್ಣದು ಎಂದು ತಿಳಿಯಲು ನಮ್ಮ ನೆಲದಲ್ಲೇ ಒಂದು ಅಳತೆಗೋಲಿದೆ. ಮಂಗಳೂರಿನಲ್ಲಿ ಕಡಲ ಮಟ್ಟದ ಗಾಳಿಯೊತ್ತಡ ಸುಮಾರು 1.01 ಬಾರ್. ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದರೆ, ಸುಮಾರು 900 ಮೀಟರ್ ಎತ್ತರದಲ್ಲಿ, ಅದು 0.91ಕ್ಕೆ ಇಳಿದಿರುತ್ತದೆ. ಟರ್ಬೊ ಇಲ್ಲದ ಕಾರು ಸುಮಾರು ಶೇ 10ರಷ್ಟು ಗಾಳಿಯನ್ನು ದಾರಿಯಲ್ಲೇ ಕಳೆದುಕೊಂಡಿತು. ಅಷ್ಟನ್ನು ಬೋರಿನಿಂದಲೇ ತುಂಬಿಕೊಡಬೇಕೆಂದರೆ 86 ಮಿ.ಮೀ. ಸಿಲಿಂಡರನ್ನು 90.6ಕ್ಕೆ ಹಿಗ್ಗಿಸಬೇಕು. ಗೋಡೆಯ ಪ್ರತಿ ಪಕ್ಕದಿಂದ 2.3 ಮಿ.ಮೀ. ಹೋಗಬೇಕು, ಬಹುತೇಕ ಬ್ಲಾಕುಗಳಲ್ಲಿ ಅದು ಯೋಚಿಸಲೂ ಆಗದ ಮಾತು. ಟರ್ಬೊಗೆ ಅದು 0.1 ಬಾರ್, ಅಷ್ಟೇ.

ಬೋರ್ ಮಾಡಿಸುವುದು ನಮಗೇನೂ ಹೊಸತಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಗಳು, ಅಂಬಾಸಡರ್ ಟ್ಯಾಕ್ಸಿಗಳು, ಲಾರಿಗಳು ಹೊಗೆ ಕಾರತೊಡಗಿದಾಗ ಬೋರಿಂಗಿಗೆ ಹೋಗುತ್ತಿದ್ದವು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಓವರ್‌ಸೈಜ್ ಪಿಸ್ಟನ್ ಸೆಟ್ಟು ಕೇಳುವುದು ನಿತ್ಯದ ವ್ಯವಹಾರ. ಆ ಹಳೆಯ ರೂಢಿಯಲ್ಲಿ ಒಂದು ಶಿಸ್ತಿತ್ತು. ಮೊದಲ ಸಲ 0.25, ಮುಂದಿನ ಸಲ 0.50, ಆಮೇಲೆ 0.75, ಕೊನೆಗೆ 1.00. ನೇರವಾಗಿ ಒಂದು ಮಿಲಿಮೀಟರಿಗೆ ಜಿಗಿಯಿರಿ ಎಂದರೆ ಅನುಭವಿ ಮೇಸ್ತ್ರಿ ಒಪ್ಪುತ್ತಿರಲಿಲ್ಲ, ಏಕೆಂದರೆ ಅದರ ಮುಂದೆ ಸೈಜೇ ಇಲ್ಲ. ಬ್ಲಾಕಿನ ಗೋಡೆ ಬಿತ್ತನೆಗೆಂದು ತೆಗೆದಿಟ್ಟ ಕಾಳಿನಂತೆ ಅವರಿಗೆ; ಹಸಿವಾಯಿತೆಂದು ಅದಕ್ಕೆ ಕೈ ಹಾಕುತ್ತಿರಲಿಲ್ಲ. ಸವೆತವನ್ನು ಮಾತ್ರ ತೆಗೆಯುವ ಈ ಲೆಕ್ಕಾಚಾರ ಬಡತನದಿಂದ ಬಂದದ್ದಿರಬಹುದು. ಆದರೂ ಟರ್ಬೊ ಹಾಕುವ ಹೊಸ ತಲೆಮಾರು ಕಲಿಯಬೇಕಾದ ಎಂಜಿನಿಯರಿಂಗ್ ಅದರಲ್ಲೇ ಇದೆ. ಟರ್ಬೊ ಎಂಜಿನ್ನನ್ನು ಒಮ್ಮೆಯಲ್ಲ ಒಮ್ಮೆ ಮತ್ತೆ ಬಿಚ್ಚುವ ಪ್ರಸಂಗ ಬಂದೇ ಬರುತ್ತದೆ. ಬಿಚ್ಚಿದಾಗ ಬ್ಲಾಕಿನಲ್ಲಿ ಎರಡು ಸೈಜ್ ಉಳಿದಿದ್ದರೆ ಅದು ರಿಪೇರಿ. ಏನೂ ಉಳಿದಿಲ್ಲದಿದ್ದರೆ ಹೊಸ ಬ್ಲಾಕಿನ ಹುಡುಕಾಟ; ಉತ್ಪಾದನೆ ನಿಂತ ಎಂಜಿನ್ನುಗಳ ಒಳ್ಳೆಯ ಬ್ಲಾಕುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ರಸ್ತೆಗಿಳಿಯುವ ಕಾರಿನ ವಿಷಯವಾದರೆ ಕಾನೂನೂ ಇದೆ. ಆರ್‌ಸಿಯಲ್ಲಿ ಎಂಜಿನ್ ಸಾಮರ್ಥ್ಯ ನಮೂದಾಗಿರುತ್ತದೆ. ಆರ್‌ಸಿಯ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಟ್ರ್ಯಾಕಿಗೆಂದು ಕಟ್ಟುವ ಎಂಜಿನ್ನುಗಳ ಮಾತು.

ಹಾಗಾದರೆ ಬ್ಲಾಕ್ ಶಾಪಿನ ಮೇಜಿನ ಮೇಲಿರುವಾಗ ಮಾಡಬೇಕಾದದ್ದೇನು? ಬೋರ್ ಗೇಜಿನಿಂದ ಪ್ರತಿ ಸಿಲಿಂಡರಿನ ಸವೆತ, ದುಂಡು, ಮೇಲಿಂದ ಕೆಳಗಿನ ವ್ಯತ್ಯಾಸ ಅಳೆಯಬೇಕು. ಎಲ್ಲವೂ ಕಾರ್ಖಾನೆಯ ಕೈಪಿಡಿ ಒಪ್ಪುವ ಮಿತಿಯೊಳಗೆ ಇದ್ದರೆ ಬೋರಿಂಗ್ ಯಂತ್ರಕ್ಕೆ ಕೆಲಸವೇ ಇಲ್ಲ. ಫೋರ್ಜ್ ಮಾಡಿದ ಪಿಸ್ಟನ್‌ಗಳು ಮೂಲ ಸೈಜಿನಲ್ಲೂ ಸಿಗುತ್ತವೆ. ಅವು ಕಾದಾಗ ಹೆಚ್ಚು ಹಿಗ್ಗುವುದರಿಂದ ಗೋಡೆಗೂ ಪಿಸ್ಟನ್ನಿಗೂ ಸಡಿಲು ಹೆಚ್ಚು ಬೇಕು, ನಿಜ. ಆ ಸಡಿಲು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಹೋನಿಂಗ್ ಕಲ್ಲು ಅದನ್ನು ಕೊಡುತ್ತದೆ. ಹೋನಿಂಗ್ ಮಾಡುವಾಗ ಹೆಡ್ಡಿನ ಜಾಗದಲ್ಲಿ ದಪ್ಪನೆಯ ಟಾರ್ಕ್ ಪ್ಲೇಟ್ ಬಿಗಿದಿರಬೇಕು. ಹೆಡ್ ಬೋಲ್ಟುಗಳನ್ನು ಬಿಗಿದಾಗ ಸಿಲಿಂಡರ್ ಸೊಟ್ಟಗಾಗುತ್ತದೆ. ಸೊಟ್ಟಗಾದ ಸ್ಥಿತಿಯಲ್ಲೇ ದುಂಡು ಮಾಡಿದರೆ ಓಡುವಾಗ ದುಂಡಾಗಿರುತ್ತದೆ. ದೊಡ್ಡ ಪಿಸ್ಟನ್ನಿನ ಆಸೆಗಿಂತ ಈ ಪ್ಲೇಟಿಗೆ ಕೊಟ್ಟ ಕೂಲಿ ಎಷ್ಟೋ ಪಾಲು ಹೆಚ್ಚು ಶಕ್ತಿಯನ್ನು ಉಳಿಸಿಕೊಡುತ್ತದೆ. ಉಳಿದ ಹಣ ಇಂಟರ್‌ಕೂಲರಿಗೆ, ಇಂಜೆಕ್ಟರುಗಳಿಗೆ, ತಿಳಿದವರ ಕೈಯಲ್ಲಿ ಮಾಡಿಸುವ ಟ್ಯೂನಿಂಗಿಗೆ ಹೋಗಲಿ. ಟರ್ಬೊ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ರಿಂಗ್ ಪಟ್ಟಿ ಮುರಿಯುವುದು ಹೆಚ್ಚಾಗಿ ನಾಕಿಂಗಿನಿಂದ, ಸಾಮರ್ಥ್ಯ ಸಾಲದೆ ಮುರಿದದ್ದು ಒಂದೂ ಇಲ್ಲ.

ಉಗುರಿಗೆ ಸಿಗುವಷ್ಟು ಗೀರಿದ್ದರೆ, ನೀರು ನಿಂತು ತುಕ್ಕಿನ ಗುಳಿ ಬಿದ್ದಿದ್ದರೆ, ಕೊರೆಸಲೇಬೇಕು. ಸೋನಿಕ್ ಟೆಸ್ಟಿನ ಅಂಕಿಗಳನ್ನು ಮುಂದಿಟ್ಟುಕೊಂಡು, ಗೀರು ಮಾಯವಾಗುವ ಅತಿ ಚಿಕ್ಕ ಸೈಜಿಗೆ ನಿಲ್ಲಿಸಬೇಕು. 86.5ರಲ್ಲಿ ಗೋಡೆ ಸ್ವಚ್ಛವಾಗುತ್ತದೆ ಎಂದಾದರೆ 87ರ ಹೆಸರು ಎತ್ತುವ ಅಗತ್ಯವಿಲ್ಲ. ಒಂದೇ ಸಿಲಿಂಡರ್ ಕೆಟ್ಟಿದ್ದು ಉಳಿದವು ಚೆನ್ನಾಗಿದ್ದರೆ, ಎಲ್ಲವನ್ನೂ ಅದರ ಮಟ್ಟಕ್ಕೆ ಕೊರೆಯುವ ಬದಲು ಆ ಒಂದಕ್ಕೆ ಲೈನರ್ ಹಾಕಿಸಬಹುದು. ಗೋಡೆ ಎಲ್ಲೋ ಒಂದು ಕಡೆ ತೀರಾ ತೆಳುವಾಗಿದೆ ಎಂದು ಟೆಸ್ಟ್ ತೋರಿಸಿದರೂ ಅಷ್ಟೇ: ಆ ಸಿಲಿಂಡರಿಗೆ ಲೈನರ್ ಕೂರಿಸಿ, ಮೇಲ್ಮೈ ಸಮ ಮಾಡಿಸಿ, ಮತ್ತೆ 86ಕ್ಕೇ ತಂದು, ಮೂಲ ಸೈಜಿನ ಪಿಸ್ಟನ್ ಹಾಕಬೇಕು.